ಮಠವೂ ಅದೇ, ಕಚೇರಿಯೂ ಅದೇ

ವಿಧಾನಸೌಧದ ನೆತ್ತಿಯಲ್ಲಿ 'ಸರ್ಕಾರದ ಕೆಲಸ ದೇವರ ಕೆಲಸ' ಎಂದು ಓದಿಕೊಂಡೇ ಬೆಳೆದವನು ನಾನು. ಅದನ್ನು ಗೋಡೆ ಸಮೇತ ಪಾಲಿಸುವವರು ಭೂತಾನಿನವರು ಎಂದು ಗೊತ್ತಾಗಿದ್ದು ಪುನಾಖಾ ಜೋಂಗ್ ನೋಡಿದ ಮೇಲೆ. ಫೋ ಛು, ಮೋ ಛು, ಅಂದರೆ ಗಂಡು ಹೊಳೆ, ಹೆಣ್ಣು ಹೊಳೆ ಕೂಡುವ ಮೂಲೆಯಲ್ಲಿ 1637-38ರಲ್ಲಿ ಎದ್ದ ಕೋಟೆ. ಒಳಗೆ ಒಂದು ಕಡೆ ಜಿಲ್ಲಾಡಳಿತ, ಇನ್ನೊಂದು ಕಡೆ ಮಠ. ನಡುವೆ ಉತ್ಸೆ ಎಂಬ ಗೋಪುರ, ದಾಯಾದಿಗಳ ಮಧ್ಯೆ ಕೂತ ದೊಡ್ಡಪ್ಪನ ಹಾಗೆ.

ಬಾಗಿಲಿಗೆ ಹತ್ತುವ ಮರದ ಮೆಟ್ಟಿಲು ಭಾರೀ ಕಡಿದು. ಶತ್ರು ಬಂದರೆ ಮೇಲಕ್ಕೆ ಎಳೆದುಕೊಳ್ಳುವುದಕ್ಕೆಂದೇ ಮಾಡಿದ್ದಂತೆ. ನಮ್ಮ ಕಚೇರಿಗಳಿಗೆ ಈ ಸೌಕರ್ಯ ಇಲ್ಲ, ಪಾಪ. ಅದಕ್ಕೇ 'ನಾಳೆ ಬಾ' ಎನ್ನುತ್ತಾರೆ.

ಟೋಪಿ ತೆಗೆಯಬೇಕು ಎಂದ ಗೈಡು. ತೆಗೆದೆ. "ಗೋಪುರದ ಪಕ್ಕ ನಿಲ್ಲಬೇಡಿ, ಕಲಶ ಯಾವುದು ಅಂತ ಜನಕ್ಕೆ ಗೊತ್ತಾಗಲ್ಲ" ಎಂದಳು ನನ್ನವಳು.

ಇಲ್ಲಿ ಕೆಲಸಕ್ಕೆ ಬರುವ ಸ್ಥಳೀಯ ಗಂಡಸರು 'ಘೋ' ಎಂಬ ನಿಲುವಂಗಿ ತೊಟ್ಟು, ಹೆಗಲಿಗೆ 'ಕಬ್ನೆ' ಎಂಬ ಶಲ್ಯ ಹೊದೆಯಲೇಬೇಕು. ಜನಸಾಮಾನ್ಯರದು ಬಿಳಿ, ಹುದ್ದೆ ಬದಲಾದರೆ ಬಣ್ಣವೂ ಬದಲು. ಸಾಹೇಬರು ಯಾರು ಎಂದು ಜವಾನನನ್ನು ಕೇಳುವ ಗೋಜಿಲ್ಲ. ಚಳಿಗಾಲ ಬಂತೆಂದರೆ ಧರ್ಮಗುರು ಜೆ ಖೆನ್ಪೊ ಸಮೇತ ಭಿಕ್ಷುಗಳ ದಂಡೇ ತಿಂಫುವಿನಿಂದ ಇಲ್ಲಿಗೆ ವರ್ಗ. ಅದೂ ಶಾಸಕರ ಪತ್ರವಿಲ್ಲದೆ!

ಇಳಿಯುವಾಗ ನಾನು ಕಂಬಿ ತಬ್ಬಿಕೊಂಡು ಹಿಮ್ಮುಖವಾಗಿ ಇಳಿದೆ. ಪಕ್ಕದಲ್ಲೇ ಪುಟ್ಟ ಭಿಕ್ಷುವೊಬ್ಬ ದಡದಡ ಓಡಿಹೋದ.

"ಅವನ ಫೈಲು ಇವತ್ತೇ ಆಗಿರಬೇಕು ಬಿಡಿ" ಎಂದಳು.