ನಿತ್ಯ-ನೈಮಿತ್ತಿಕ-ಕಾಮ್ಯ ರಕ್ತದಾನ ಮೀಮಾಂಸೆ: ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳ ಪರಿಪ್ರೇಕ್ಷ್ಯದಲ್ಲಿ ಒಂದು ತಲಸ್ಪರ್ಶಿ ಅಧ್ಯಯನ

ಪ್ರಸ್ತುತ ಪ್ರಬಂಧವು ರಕ್ತದಾನವೆಂಬ ಬಹುಸ್ತರೀಯ ಸಂಕಥನವನ್ನು ಅಂತರಶಿಸ್ತೀಯ ನೆಲೆಯಲ್ಲಿ ಅನುಸಂಧಾನಗೊಳಿಸುವ ವಿನಮ್ರ ಪ್ರಯತ್ನವಾಗಿರುತ್ತದೆ. ಅಧ್ಯಯನದ ಭೌಗೋಳಿಕ ವ್ಯಾಪ್ತಿ: ತುಂಗೆಯ ದಡದ ಶೃಂಗೇರಿ, ಭದ್ರೆಯ ಹಿನ್ನೀರಿನ ನರಸಿಂಹರಾಜಪುರ (1915ರವರೆಗೆ ಎಡೇಹಳ್ಳಿ) ಮತ್ತು ಕೊಪ್ಪ. ಈ ಮೂರೇ ಏಕೆಂದು ಮಾರ್ಗದರ್ಶಕರು ಕೇಳಿದರೆ ಉತ್ತರ ಸಿದ್ಧವಿದೆ. ಮೂರೂ ಒಂದೇ ವಿಧಾನಸಭಾ ಕ್ಷೇತ್ರಕ್ಕೆ ಸೇರಿರುವುದರಿಂದ ಉದ್ಘಾಟಕರ ಖರ್ಚು ಒಂದರಲ್ಲೇ ಮುಗಿಯುತ್ತದೆ. ಆಕರ ಸಾಮಗ್ರಿ: ಆಹ್ವಾನ ಪತ್ರಿಕೆ, ಫ್ಲೆಕ್ಸ್, ಮತ್ತು ಮೈಕು ಕೂಗುವ ‘ರಕ್ತದಾನ ಮಹಾದಾನ’.

ಪೂರ್ವಪಕ್ಷ. ಮಲೆನಾಡಿನವರಿಗೆ ನಿಯಮಿತ ರಕ್ತದಾನವನ್ನು ಯಾರೂ ಹೇಳಿಕೊಡಬೇಕಿಲ್ಲ. ಮಳೆಗಾಲ ಹಿಡಿದ ಮೇಲೆ ತೋಟಕ್ಕೆ ಕಾಲಿಟ್ಟವರೆಲ್ಲ ಇಂಬಳಕ್ಕೆ ಕೊಡುತ್ತಲೇ ಬಂದಿದ್ದಾರೆ. ಬೇಸಿಗೆಯಲ್ಲಿ ಉಣುಗು, ವರ್ಷವಿಡೀ ಸೊಳ್ಳೆ. ಇಂಬಳವು ದಾನಿಯ ವಯಸ್ಸು ಕೇಳುವುದಿಲ್ಲ, ತೂಕ ನೋಡುವುದಿಲ್ಲ. ರಕ್ತ ಹೆಪ್ಪುಗಟ್ಟದಂತೆ ಮಾಡುವ ದ್ರವ್ಯವನ್ನು ತನ್ನ ಬಾಯಲ್ಲೇ ತಂದಿರುತ್ತದೆ. ಮುಖ್ಯವಾಗಿ, ಕಚ್ಚುವ ಮುಂಚೆ ಪ್ರಾಸ್ತಾವಿಕ ನುಡಿಯಾಡುವುದಿಲ್ಲ.

ಇದಕ್ಕೆ ಸಿದ್ಧಾಂತ: ಇಂಬಳವನ್ನು ಸುಣ್ಣ ಹಚ್ಚಿ ಬಿಡಿಸಬಹುದು. ಮೈಕು ಹಿಡಿದವರನ್ನು ಬಿಡಿಸುವ ಸುಣ್ಣ ಇನ್ನೂ ಸಿಕ್ಕಿಲ್ಲ.

ಅಧಿಕಾರಿ ನಿರೂಪಣೆ. ದಾನಕ್ಕೆ ಅಧಿಕಾರಿ ಯಾರು? ವಯಸ್ಸು 18ರಿಂದ 65, ತೂಕ ಕನಿಷ್ಠ 45 ಕಿಲೊ, ಹಿಮೋಗ್ಲೋಬಿನ್ 12.5. ಎರಡು ದಾನಗಳ ನಡುವೆ ಗಂಡಸರಿಗೆ 90 ದಿನ, ಹೆಂಗಸರಿಗೆ 120 ದಿನ. ತೆಗೆಯುವುದು 350 ಮಿಲಿಲೀಟರ್. ತೂಕ 55 ದಾಟಿದವರು 450 ಕೊಡಬಹುದು. ಈ ಸೂತ್ರಕ್ಕೆ ಭಾಷ್ಯ ಬೇಕಿಲ್ಲ. ಆದರೂ ಪ್ರಾರ್ಥನೆ, ಸ್ವಾಗತ, ದೀಪ, ಉದ್ಘಾಟನೆ, ಮುಖ್ಯ ಅತಿಥಿಗಳ ನುಡಿ, ಅಧ್ಯಕ್ಷೀಯ ನುಡಿ, ವಂದನಾರ್ಪಣೆ ಎಂಬ ಸಪ್ತಾಂಗ ವಾರ್ತಿಕ ಇದ್ದೇ ಇರುತ್ತದೆ. ರಕ್ತ ಚೀಲಕ್ಕೆ ಇಳಿಯಲು ಹತ್ತು ನಿಮಿಷವೂ ಬೇಡ. ಬೆಳಿಗ್ಗೆ ಎರಡು ಇಡ್ಲಿ ತಿಂದು ಬಂದ ಹುಡುಗ ಹನ್ನೆರಡೂವರೆಗೆ ತಲೆಸುತ್ತಿ ಬಿದ್ದರೆ ಅದಕ್ಕೆ ಸೂಜಿ ಕಾರಣವಲ್ಲ.

ಒಮ್ಮೆ ವೇದಿಕೆಯ ವಿದ್ವಾಂಸರೊಬ್ಬರು ರಕ್ತದ ಗುಂಪು ನಾಲ್ಕು, ವರ್ಣವೂ ನಾಲ್ಕು, ನಮ್ಮವರಿಗೆ ಎಲ್ಲ ಮೊದಲೇ ಗೊತ್ತಿತ್ತು ಎಂದು ಅಪ್ಪಣೆ ಕೊಡಿಸಿದರು. ಚಪ್ಪಾಳೆಯೂ ಬಿತ್ತು. 1901ರಲ್ಲಿ ವಿಜ್ಞಾನಿ ಲ್ಯಾಂಡ್‌ಸ್ಟೈನರ್ ತೋರಿಸಿಕೊಟ್ಟದ್ದು ಮೂರೇ ಗುಂಪು. ನಾಲ್ಕನೆಯದನ್ನು ಮರುವರ್ಷ ಬೇರೆಯವರು ಕಂಡರು. ಆ ಒಂದು ವರ್ಷ ಯಾವ ವರ್ಣ ಕಾಣೆಯಾಗಿತ್ತೋ ವಿದ್ವಾಂಸರೇ ಹೇಳಬೇಕು. ಚೀಲದ ಚೀಟಿಯಲ್ಲಿ ಗುಂಪು ಇರುತ್ತದೆ, ಸಂಖ್ಯೆ ಇರುತ್ತದೆ, ಕೆಡುವ ತಾರೀಕು ಇರುತ್ತದೆ. ಗೋತ್ರಕ್ಕೆ ಜಾಗ ಇಟ್ಟಿಲ್ಲ.

ವರ್ಗೀಕರಣ. ಮೀಮಾಂಸಕರು ಕರ್ಮವನ್ನು ವಿಂಗಡಿಸಿದಂತೆ ರಕ್ತದಾನವೂ ತ್ರಿವಿಧ.

ಒಂದು, ಕಾಮ್ಯ. ಫಲಾಪೇಕ್ಷೆಯಿಂದ ಮಾಡುವಂಥದು. ಉಪಭೇದಗಳು: ಜಯಂತೀದಾನ (ನಾಯಕರ ಹುಟ್ಟುಹಬ್ಬಕ್ಕೆ), ಛಾಯಾದಾನ (ತೋಳಿಗೆ ಹತ್ತಿ ಒತ್ತಿಕೊಂಡು ಹೆಬ್ಬೆರಳೆತ್ತಿ), ಪ್ರಮಾಣಪತ್ರದಾನ, ಹಣ್ಣಿನರಸದಾನ. ಸುಪ್ರೀಂ ಕೋರ್ಟಿನ 1996ರ ತೀರ್ಪಿನಂತೆ ಹಣಕ್ಕಾಗಿ ರಕ್ತ ಕೊಡುವುದು 1998ರ ಜನವರಿಯಿಂದ ನಿಷಿದ್ಧ. ಫೋಟೊಗಾಗಿ ಕೊಡುವುದನ್ನು ನ್ಯಾಯಾಲಯ ಮುಟ್ಟಲಿಲ್ಲ. ಛಾಯಾದಾನದಲ್ಲಿ ಮತ್ತೆ ಏಳು ಅವಾಂತರ ಭೇದಗಳಿವೆ. ಬಿಡಿ, ನನಗೇ ಸಾಕಾಯಿತು.

ಎರಡು, ನೈಮಿತ್ತಿಕ. ನಿಮಿತ್ತ ಒದಗಿದಾಗ ಮಾತ್ರ. ರಾತ್ರಿ ಹನ್ನೊಂದಕ್ಕೆ ಫೋನು: ‘ಮಾರಾಯ, ನಿಂದು ಯಾವ ಗುಂಪು? ಅತ್ತಿಗೆಗೆ ಹೆರಿಗೆ ಆಯ್ತು, ರಕ್ತ ನಿಲ್ತಿಲ್ಲ, ಮಣಿಪಾಲಕ್ಕೆ ಹೊರಟಿದೀವಿ.’ ಆಂಬುಲೆನ್ಸು ಆಗುಂಬೆ ಘಾಟಿಯ 14 ತಿರುವು ಇಳಿಯುವಷ್ಟರಲ್ಲಿ ಅದೇ ಸಂದೇಶ ಮೂರು ತಾಲ್ಲೂಕಿನ ವಾಟ್ಸಾಪ್ ಗುಂಪುಗಳನ್ನೆಲ್ಲ ಸುತ್ತಿರುತ್ತದೆ. ಬಂಧುಗಳು ಜೀಪು ಹತ್ತಿ ಓಡುತ್ತಾರೆ, ತೋಳು ಚಾಚುತ್ತಾರೆ. ಆದರೆ ಆಗ ಕೊಟ್ಟ ರಕ್ತ ಆ ಗಳಿಗೆಗೆ ಒದಗುವುದಿಲ್ಲ. ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ, ಸಿಫಿಲಿಸ್, ಮಲೇರಿಯಾ ಇಷ್ಟೂ ಪರೀಕ್ಷೆ ಮುಗಿಯಬೇಕು. ಆ ರಾತ್ರಿ ಅವಳ ನರಕ್ಕೆ ಇಳಿಯುವುದು ಎರಡು ವಾರ ಮುಂಚೆ ಅವಳ ಮುಖವನ್ನೇ ಕಾಣದ ಯಾರೋ ಕೊಟ್ಟು ಹೋದದ್ದು. ಅಂಥವರೊಬ್ಬರು ಕೊಡದೇ ಇದ್ದರೆ ಶೀತಲ ಪೆಟ್ಟಿಗೆಯಲ್ಲಿ ಏನೂ ಇರುವುದಿಲ್ಲ. ಬಂಧುಗಳ ಸಾಲು ಆಸ್ಪತ್ರೆಯ ಬಾಗಿಲಲ್ಲಿ ಎಷ್ಟು ಉದ್ದವಿದ್ದರೇನು?

ಮೂರು, ನಿತ್ಯ. ಮಾಡಿದರೆ ವಿಶೇಷ ಫಲವಿಲ್ಲ, ಮಾಡದಿದ್ದರೆ ಪ್ರತ್ಯವಾಯ (ದೋಷ) ಎಂದು ಶಾಸ್ತ್ರ. ಶಾಸ್ತ್ರಕಾರರು ಒಂದು ವಿಷಯ ಬಿಟ್ಟರು: ಇಲ್ಲಿ ಪ್ರತ್ಯವಾಯ ತಗಲುವುದು ಮಾಡದವನಿಗಲ್ಲ, ಇನ್ನೊಬ್ಬರಿಗೆ.

ಪರಿಭಾಷೆ ಸಾಕು, ಲೆಕ್ಕ ಹೇಳುತ್ತೇನೆ. ಕೆಂಪು ಕಣ ಉಳಿಯುವುದು 35 ದಿನ, ಬೇರೆ ದ್ರಾವಣ ಸೇರಿಸಿದರೆ 42. ಡೆಂಗಿಯವರಿಗೆ ಬೇಕಾಗುವ ಪ್ಲೇಟ್‌ಲೆಟ್ಟು ಐದೇ ದಿನ. ರಾಷ್ಟ್ರೀಯ ಸ್ವಯಂಪ್ರೇರಿತ ರಕ್ತದಾನ ದಿನವೆಂದು ಅಕ್ಟೋಬರ್ 1ರಂದು ಎಲ್ಲ ಸಂಘಗಳೂ ಒಟ್ಟಿಗೆ ಶಾಮಿಯಾನ ಹಾಕಿದರೆ, ಆ ರಕ್ತ ರಾಜ್ಯೋತ್ಸವದ ವಾರ ದಾಟುವುದೇ ಕಷ್ಟ. ಏಪ್ರಿಲ್, ಮೇನಲ್ಲಿ ಕಾಲೇಜಿಗೆ ರಜೆ, ಶಿಬಿರಕ್ಕೂ ರಜೆ. ಆಷಾಢದಲ್ಲಿ ಮುಹೂರ್ತವಿಲ್ಲ, ಮಳೆಯಲ್ಲಿ ಶಾಮಿಯಾನ ನಿಲ್ಲುವುದಿಲ್ಲ, ಅತಿಥಿಗಳ ಕಾರು ಬರುವುದಿಲ್ಲ. ಆದರೆ ಅಡಿಕೆಗೆ ಕೊಳೆ ಬರುವುದೇ ಆಗ. ಬೋರ್ಡೋ ಹೊಡೆಯಲು ಪಾಚಿಗಟ್ಟಿದ ಮರ ಹತ್ತಿದವನು ಜಾರುವುದೂ ಆಗ. ಬಿದ್ದವನ ಸೊಂಟ ಮುರಿದು ಒಳಗೇ ರಕ್ತ ಸೋರುತ್ತಿದ್ದರೆ ಅವನಿಗೆ ಯಾರ ಹುಟ್ಟುಹಬ್ಬ ಕಾಯಲು ಹೇಳುವುದು?

ಇನ್ನೊಂದು ಸಿಟ್ಟೂ ಇದೆ. ಶಿಬಿರದ ದಿನ ಬೆಳಿಗ್ಗೆ ಐದಕ್ಕೆ ಎದ್ದು ಉಪ್ಪಿಟ್ಟು, ಕಾಫಿ ಮಾಡಿ ತಂದ ಹೆಂಗಸರು ತಾವೂ ಕೊಡುತ್ತೇವೆಂದು ಸಾಲಿಗೆ ನಿಲ್ಲುತ್ತಾರೆ. ಬೆರಳು ಚುಚ್ಚಿ ನೋಡಿದರೆ ಹಿಮೋಗ್ಲೋಬಿನ್ ಒಂಬತ್ತೂವರೆ, ಹತ್ತು. ವಾಪಸ್. ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿ ರಕ್ತಹೀನತೆಯವರು. ಎಲ್ಲರಿಗೂ ಬಡಿಸಿ ತಳದಲ್ಲಿ ಉಳಿದದ್ದನ್ನು ಉಂಡವರ ರಕ್ತದಲ್ಲಿ ಕಬ್ಬಿಣ ಎಲ್ಲಿಂದ ಬರಬೇಕು? ವೇದಿಕೆಯಿಂದ ಇದನ್ನು ಯಾರಾದರೂ ಹೇಳಿದ್ದನ್ನು ನಾನು ಕೇಳಿಲ್ಲ. ಹೇಳುವ ಹೊತ್ತಿಗೆ ಶಾಲು ಹೊದಿಸುವುದು ಬಾಕಿ ಇರುತ್ತದೆ.

ಅನುಬಂಧ: ಮುಂದಿನ ಆಷಾಢಕ್ಕೆ ಶಿಬಿರದ ಕರಡು. ಜಾಗ, ಸೋರದ ಯಾವುದಾದರೂ ಶಾಲಾ ಕೊಠಡಿ. ವೇದಿಕೆ ಇಲ್ಲ, ಮೈಕು ಇಲ್ಲ. ಹಿಂದೆ ಯಾವಾಗ ಕೊಟ್ಟಿರಿ, ಮುಂದೆ ಯಾವಾಗ ಬರುತ್ತೀರಿ ಎಂದು ಬರೆದುಕೊಳ್ಳಲು ಒಂದು ದಪ್ಪ ಪುಸ್ತಕ. ಒಂಬತ್ತೂವರೆ ಬಂದವರಿಗೆ ಕಬ್ಬಿಣದ ಮಾತ್ರೆ ಮತ್ತು ಅವರ ಮನೆಯವರಿಗೆ ನಾಲ್ಕು ಮಾತು. ಗಣ್ಯರು ಬರಲೇಬೇಕೆಂದಿದ್ದರೆ ಹಾರದ ದುಡ್ಡಿನಲ್ಲಿ ಕೊಡೆ ತರಲಿ. ದಾನಿಗಳನ್ನು ರಸ್ತೆಯವರೆಗೆ ನೆನೆಯದಂತೆ ದಾಟಿಸುವ ಕೆಲಸ ಖಾಲಿ ಇದೆ.