ಗುಳ್ಳೆಯ ಫೋಟೋ ಸೆಷನ್

ಕುಂತೀ ನಕ್ಷತ್ರಪುಂಜದಲ್ಲಿರುವ ಗುಳ್ಳೆ ನೀಹಾರಿಕೆಯ, ಅಂದರೆ ಎನ್‌ಜಿಸಿ 7635ರ, ಅಗಲ ಸುಮಾರು 7 ಜ್ಯೋತಿರ್ವರ್ಷ. ಇದನ್ನು ಊದುತ್ತಿರುವುದು ಸೂರ್ಯನಿಗಿಂತ ಸುಮಾರು 45 ಪಟ್ಟು ತೂಕದ ಬಿಸಿ ನಕ್ಷತ್ರ. ಅದರ ಗಾಳಿಯ ವೇಗ ಗಂಟೆಗೆ 60 ಲಕ್ಷ ಕಿಲೋಮೀಟರಿಗೂ ಹೆಚ್ಚು. ಇಷ್ಟು ಉಸಿರು ಖರ್ಚು ಮಾಡಿದ ಯಜಮಾನ, ಗ್ರೂಪ್ ಫೋಟೋದಲ್ಲಿ ಅಂಚಿಗೆ ನಿಂತ ಮದುಮಗನಂತೆ, ಗುಳ್ಳೆಯ ನಡುವೆ ಇಲ್ಲವೇ ಇಲ್ಲ. ಒಂದು ಬದಿಯ ಅನಿಲ ದಟ್ಟ, ಆ ಕಡೆ ಗುಳ್ಳೆ ಹಿಗ್ಗಲು ಒಪ್ಪುವುದಿಲ್ಲ.

1787ರಲ್ಲಿ ವಿಲಿಯಂ ಹರ್ಷೆಲ್ ಇದನ್ನು ಕಣ್ಣು, ದೂರದರ್ಶಕಗಳ ಬಲದಿಂದಲೇ ಕಂಡ. ಕ್ಯಾಮೆರಾದವರ ಗೋಳು ಬೇರೆ. ಹೈಡ್ರೋಜನ್ ಹೊಳೆಯುವುದು 656 ನ್ಯಾನೋಮೀಟರಿನ ಕೆಂಪಿನಲ್ಲಿ. ಮನುಷ್ಯರ ಮುಖ ಸಹಜವಾಗಿ ಬರಲೆಂದು ಸಾಮಾನ್ಯ ಕ್ಯಾಮೆರಾದ ಒಳಗಿನ ಫಿಲ್ಟರ್ ಆ ಕೆಂಪನ್ನೇ ಬಹುಪಾಲು ತಡೆಯುತ್ತದೆ. ಆದ್ದರಿಂದ ಹವ್ಯಾಸಿಗಳು ಫಿಲ್ಟರ್ ಕಿತ್ತಿಸುತ್ತಾರೆ. ಆಮೇಲೆ ಅದರಲ್ಲಿ ಮನೆಯವರ ಫೋಟೋ ತೆಗೆದರೆ ಎಲ್ಲರೂ ಸಿಟ್ಟಿನಿಂದ ಕೆಂಪೇರಿದಂತೆ ಕಾಣುತ್ತಾರೆ. ಖರ್ಚಿನ ಲೆಕ್ಕ ತಿಳಿದ ಮೇಲೆ ಫಿಲ್ಟರ್ ಇದ್ದರೂ ಹಾಗೆಯೇ ಕಾಣುತ್ತಾರೆ.

ಐದೈದು ನಿಮಿಷದ ಹತ್ತಾರು ಚಿತ್ರಗಳನ್ನು ತೆಗೆದು, ಒಂದರ ಮೇಲೊಂದು ಪೇರಿಸಬೇಕು. ನಡುವೆ ಉಪಗ್ರಹವೊಂದು ಗೀಟು ಎಳೆದು ಹೋಗುತ್ತದೆ, ಮಸೂರಕ್ಕೆ ಇಬ್ಬನಿ ಕೂರುತ್ತದೆ, ಆಹ್ವಾನವಿಲ್ಲದ ಮೋಡವೂ ಬರುತ್ತದೆ. ಒಂದೊಂದು ಅನಿಲದ ಬೆಳಕನ್ನಷ್ಟೇ ಒಳಗೆ ಬಿಡುವ ಕಿರುಪಟ್ಟಿಯ ಫಿಲ್ಟರ್ ಹಾಕಿದರೆ ಪ್ರತಿ ಅನಿಲದ್ದೂ ಕಪ್ಪು-ಬಿಳುಪು ಚಿತ್ರ. ಬಣ್ಣ ಹಚ್ಚುವುದು ಕಂಪ್ಯೂಟರಿನ ಮುಂದೆ. 2016ರಲ್ಲಿ ಹಬಲ್ ಬಾಹ್ಯಾಕಾಶ ದೂರದರ್ಶಕದ 26ನೇ ವಾರ್ಷಿಕೋತ್ಸವಕ್ಕೆ ಬಿಡುಗಡೆಯಾದ ಇದೇ ಗುಳ್ಳೆಯ ಚಿತ್ರದಲ್ಲಿ ಆಮ್ಲಜನಕಕ್ಕೆ ನೀಲಿ, ಸಾರಜನಕಕ್ಕೆ ಕೆಂಪು. ಹುಟ್ಟಾ ಕೆಂಪಾದ ಹೈಡ್ರೋಜನ್ನಿಗೆ ಸಿಕ್ಕಿದ್ದು ಹಸಿರು.