ಖಾರ್ದುಂಗ್ ಲಾ, ವಯಾ ರಾಯಲ್ ಸರ್ಕಲ್

ಬ್ರೂಸ್‌ಪೇಟೆಯ ಹುಡುಗ ಹೊಸ ಬೈಕ್ ಕೊಳ್ಳಲು ಹೊರಟನೆಂದರೆ ಮೊದಲು ತೀರ್ಮಾನವಾಗುವುದು ಬೈಕಲ್ಲ, ಖಾರ್ದುಂಗ್ ಲಾ. ಅವನಿಗೆ ಲೈಸೆನ್ಸ್ ಬಂದು ತಿಂಗಳೂ ಆಗಿರುವುದಿಲ್ಲ. ಗೇರಿನ ಗಾಡಿ ಅಂತ ಮುಟ್ಟಿದ್ದು ಗೆಳೆಯನ ಸ್ಪ್ಲೆಂಡರ್ ಒಂದನ್ನೇ. ಅದನ್ನೂ ಓಡಿಸಿದ್ದು ಭಾನುವಾರ ಬೆಳಗ್ಗೆ ಮುನ್ಸಿಪಲ್ ಕಾಲೇಜು ಮೈದಾನದಲ್ಲಿ, ಕ್ರಿಕೆಟ್ ಹುಡುಗರು ಬರುವ ಮುಂಚೆ. ದಿನದ ಓಡಾಟವೆಂದರೆ ಮನೆಯಿಂದ ಜೀನ್ಸ್ ಫ್ಯಾಕ್ಟರಿ, ಅಲ್ಲಿಂದ ಒಗ್ಗರಣೆ-ಮಿರ್ಚಿ ಬಂಡಿ, ಮತ್ತೆ ಮನೆ. ಆದರೂ ಬೈಕ್ ಮಾತ್ರ 5,359 ಮೀಟರ್ ಎತ್ತರದ ಆ ಘಾಟಿ ಹತ್ತುವಂಥದ್ದೇ ಆಗಬೇಕು. ಲೇಹ್‌ನಿಂದಲೂ ಆಚೆಗಿರುವ ಆ ಜಾಗ ಬಳ್ಳಾರಿಯಿಂದ ಎರಡೂವರೆ ಸಾವಿರ ಕಿಲೋಮೀಟರಿಗೂ ದೂರ. ಫ್ಯಾಕ್ಟರಿಯಲ್ಲಿ ಒಟ್ಟಿಗೆ ಮೂರು ದಿನ ರಜೆ ಕೇಳಿದರೆ ಮಾಲೀಕರು ‘ಯಾರು ಹೋಗಿಬಿಟ್ರಪ್ಪಾ?’ ಎಂದು ವಿಚಾರಿಸುತ್ತಾರೆ.

ಹೀಗಾಗಿ ಪಟ್ಟಿಯಲ್ಲಿ ಉಳಿಯುವುದು ಅಡ್ವೆಂಚರ್ ಬೈಕುಗಳಷ್ಟೇ. ಆಯ್ಕೆ ಸಮಿತಿ ಚಹಾದಂಗಡಿಯ ಮುಂದೆ ಸೇರುತ್ತದೆ. ಒಬ್ಬನದು ರಾಯಲ್ ಎನ್‌ಫೀಲ್ಡ್ ಹಿಮಾಲಯನ್ 450: 452 ಸಿಸಿ, 40 ಪಿಎಸ್, ಪೆಟ್ರೋಲ್ ಸಮೇತ 196 ಕಿಲೋ. ಇನ್ನೊಬ್ಬನಿಗೆ ಕೆಟಿಎಂ 390 ಅಡ್ವೆಂಚರ್ ಬಿಟ್ಟರೆ ಮಿಕ್ಕವು ಬೈಕೇ ಅಲ್ಲ. ಮೂರನೆಯವನು, ಹಳೆಯ ಸಾಲದ ಕಂತು ಇನ್ನೂ ಕಟ್ಟುತ್ತಿರುವವನು, ಸುಜುಕಿಯ 250 ಸಿಸಿ ವಿ-ಸ್ಟ್ರಾಮ್ ಹೆಸರು ಮೆಲ್ಲಗೆ ಎತ್ತುತ್ತಾನೆ. ‘ಅದು ಫ್ಯಾಮಿಲಿ ಗಾಡಿ ಬಿಡಣ್ಣ’ ಎಂದು ಅವನ ಬಾಯಿ ಮುಚ್ಚಿಸಲಾಗುತ್ತದೆ. ಗ್ರೌಂಡ್ ಕ್ಲಿಯರೆನ್ಸ್ 230 ಮಿಲಿಮೀಟರ್ ಸಾಕೇ ಎಂಬುದರ ಮೇಲೆ ಮುಕ್ಕಾಲು ಗಂಟೆ ಚರ್ಚೆ. ಸಮಿತಿಯಲ್ಲಿ ಲಡಾಖ್ ಕಂಡವರು ಯಾರೂ ಇಲ್ಲ. ಹಿರಿಯ ಸದಸ್ಯ ಒಮ್ಮೆ ಸಂಡೂರಿನ ಸ್ವಾಮಿಮಲೆ ಹತ್ತಿದ್ದಾನೆ, ಬಸ್ಸಿನಲ್ಲಿ.

ಹುಡುಗನ ಕಾಲು ಎಷ್ಟುದ್ದ ಎಂದು ಮಾತ್ರ ಒಬ್ಬರೂ ಕೇಳುವುದಿಲ್ಲ.

ಶೋರೂಮಿನಲ್ಲಿ ಅದು ತಾನಾಗಿ ಬಯಲಾಗುತ್ತದೆ. ಹುಡುಗ ಐದಡಿ ಐದಿಂಚು. ಹಿಮಾಲಯನ್ ಸೀಟು ನೆಲದಿಂದ 825 ಮಿಲಿಮೀಟರ್. ಎಡಗಾಲೂರಿ ಬಲಗಾಲು ಬೀಸುತ್ತಾನೆ. ಬೂಟಿನ ಹಿಮ್ಮಡಿ ಸೀಟಿಗೆ ತಗುಲಿ ವಾಪಸು ಬರುತ್ತದೆ. ಎರಡನೇ ಸಲ ಹತ್ತಿ ಕೂರುತ್ತಾನೆ. ಈಗ ಎರಡೂ ಪಾದಗಳ ತುದಿಯಷ್ಟೇ ಟೈಲ್ಸ್ ಮುಟ್ಟುತ್ತಿವೆ, ಹಿಮ್ಮಡಿಗಳು ಗಾಳಿಯಲ್ಲಿವೆ. ಸೇಲ್ಸಿನವನು ಎದುರು ನಿಂತು ಎರಡೂ ಕೈಯಲ್ಲಿ ಹ್ಯಾಂಡಲ್ ಬಿಗಿಯಾಗಿ ಹಿಡಿದುಕೊಂಡೇ ನಗುತ್ತಾನೆ. ‘ರೋಡಿಗೆ ಬಿದ್ಮೇಲೆ ಹೈಟೇ ಗೊತ್ತಾಗಲ್ಲ ಸರ್.’ ಆ ಮಾತಿನ ಎರಡನೇ ಅರ್ಥ ಹುಡುಗನಿಗೆ ಹೊಳೆಯುವುದು ರಾಯಲ್ ಸರ್ಕಲ್‌ನಲ್ಲಿ.

ಹೊಸಬರ ಕೈಯಲ್ಲಿ ಎತ್ತರದ ಬೈಕ್ ಬೀಳಲು ವೇಗವೇ ಬೇಕಿಲ್ಲ, ನಿಂತಲ್ಲೇ ಬೀಳುತ್ತದೆ. ಮುಂದೆ ಸಿರುಗುಪ್ಪ ಬಸ್ಸು ಗಕ್ಕನೆ ನಿಂತಿದೆ. ರಸ್ತೆಯ ಅಂಚು ಚರಂಡಿ ಕಡೆ ಇಳಿಜಾರು. ಎಡಗಾಲು ನೆಲ ಹುಡುಕಿಕೊಂಡು ಹೋಗುತ್ತದೆ. ನೆಲ ಇನ್ನೂ ಎರಡು ಇಂಚು ಕೆಳಗಿದೆ. ಬೈಕ್ ತುಸು ವಾಲುವವರೆಗೆ ತೋಳು ತಡೆಯುತ್ತದೆ, ಆಮೇಲೆ ಆ 196 ಕಿಲೋ ಭೂಮಿತಾಯಿಯ ಆಸ್ತಿ. ನಾಲ್ಕು ಮಂದಿ ಸೇರಿ ಎತ್ತುತ್ತಾರೆ. ಐದನೆಯವನು, ಗಾಡಿ ಸರಿಯಾಗಿ ನಿಲ್ಲುವ ಮೊದಲೇ, ‘ಎಷ್ಟು ಕೊಡ್ತತಣ್ಣ?’ ಎಂದು ಮೈಲೇಜು ಕೇಳುತ್ತಾನೆ.

ಇದನ್ನೆಲ್ಲ ಸರ್ಕಾರವಾದರೂ ನೋಡಬೇಡವೇ? ಯುರೋಪಿನಲ್ಲಿ ಹದಿನೆಂಟರ ಹುಡುಗನಿಗೆ ಮೊದಲು ಸಿಗುವುದು 35 ಕಿಲೋವ್ಯಾಟ್ ಮಿತಿಯ ಲೈಸೆನ್ಸ್. ದೊಡ್ಡದಕ್ಕೆ ಕನಿಷ್ಠ ಎರಡು ವರ್ಷ ಕಾಯಬೇಕು. ನಮ್ಮಲ್ಲಿ ಅಂಥ ಜಾತಿಭೇದವಿಲ್ಲ. ಗೇರಿನ ಗಾಡಿಗೆ ಒಂದೇ ಲೈಸೆನ್ಸ್, ನೂರು ಸಿಸಿಗೂ ಅದೇ, ಸಾವಿರ ಸಿಸಿಗೂ ಅದೇ. ಮೈದಾನದಲ್ಲಿ ಕಾಲೂರದೆ ಒಂದು ‘8’ ಬರೆದವನು ಯಾವ ಪರ್ವತಕ್ಕಾದರೂ ಹೋಗಬಹುದು.

ಸರ್ಕಾರಕ್ಕೆ ಹುಡುಗನ ಕಾಲಿನ ಮೇಲೆ ಕಣ್ಣಿಲ್ಲ, ಜೇಬಿನ ಮೇಲಿದೆ. 2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ಬೈಕುಗಳ ಜಿಎಸ್‌ಟಿ ನೂರಕ್ಕೆ 18, ಅದರ ಮೇಲಿನದಕ್ಕೆ 40. ಅಂದರೆ 299 ಸಿಸಿಯ ಟಿವಿಎಸ್ ಅಪಾಚೆ ಆರ್‌ಟಿಎಕ್ಸ್ ಜನಸಾಮಾನ್ಯನ ವಾಹನ, 334 ಸಿಸಿಯ ಯೆಜ್ಡಿ ಅಡ್ವೆಂಚರ್ ಕೂಡ. 452 ಸಿಸಿಯದು ಭೋಗವಸ್ತು. ಏಪ್ರಿಲ್ ಬಿಸಿಲಲ್ಲಿ ಅದಿರು ಲಾರಿಯ ಹಿಂದೆ ಸಿಕ್ಕಿಕೊಂಡು, ರೇಡಿಯೇಟರ್ ಫ್ಯಾನಿನ ಬಿಸಿಗಾಳಿಯನ್ನು ಮೊಣಕಾಲಿಗೆ ತೆಗೆದುಕೊಳ್ಳುವ ಭೋಗ. ಇದರ ಮೇಲೆ ಕರ್ನಾಟಕದ ರಸ್ತೆ ತೆರಿಗೆ, ಲಕ್ಷ ರೂಪಾಯಿ ದಾಟಿದ ಬೈಕಿಗೆ ನೂರಕ್ಕೆ 18ರಂತೆ. ‘ಇದಕ್ಕೆ ರಸ್ತೆಯೇ ಬೇಡ’ ಎಂಬ ಒಂದೇ ಗುಣಕ್ಕಾಗಿ ಕೊಂಡ ಗಾಡಿಗೆ ಇಡೀ ಓಣಿಯಲ್ಲೇ ಹೆಚ್ಚು ರಸ್ತೆ ತೆರಿಗೆ ಕಟ್ಟುವವನು ನಮ್ಮ ಹುಡುಗ. ಅವನ ಮನೆ ಮುಂದೆ ಪೈಪಿಗಾಗಿ ಅಗೆದ ಗುಂಡಿ ಇನ್ನೂ ಮುಚ್ಚಿಲ್ಲವಾದ್ದರಿಂದ ದುಡ್ಡು ಪೂರ್ತಿ ದಂಡವಾಯಿತು ಎನ್ನುವಂತೆಯೂ ಇಲ್ಲ.

ಹಾಗೆ ನೋಡಿದರೆ ಆಫ್‌ರೋಡಿಗೆ ಬಳ್ಳಾರಿಯವರು ಎಂದೂ ಪರದಾಡಿದವರಲ್ಲ. 2011ರ ಜುಲೈಯಲ್ಲಿ ಸುಪ್ರೀಂ ಕೋರ್ಟ್ ಗಣಿಗಾರಿಕೆ ನಿಲ್ಲಿಸುವವರೆಗೆ ಲಾರಿಗಳು ಜಿಲ್ಲೆಗೆಲ್ಲ ಅದನ್ನು ಪುಕ್ಕಟೆ ಒದಗಿಸಿದ್ದವು. ಆಗ ಜನ ಅದರ ಮೇಲೆ ಎಂ80, ರಾಜದೂತ್ ಓಡಿಸಿಕೊಂಡು ಕೆಮ್ಮುತ್ತಾ ಕೆಲಸಕ್ಕೆ ಹೋಗಿ ಬಂದರು.

ಇನ್ನು ಬ್ರೇಕಿನ ವಿಷಯ. ಸೋದರಮಾವನ ಉಪದೇಶ ಒಂದೇ: ‘ಅಳಿಯಾ, ಮುಂದಿನ ಬ್ರೇಕ್ ಮಾತ್ರ ಹಿಡೀಬ್ಯಾಡ ನೋಡು, ಮಕಾಡೆ ಬೀಳ್ತೀಯ.’ ಬ್ರೇಕ್ ಹಾಕಿದಾಗ ಗಾಡಿಯ ಭಾರ ಮುಂದಕ್ಕೆ ಬರುತ್ತದೆ, ಹಿಂದಿನ ಚಕ್ರ ಹಗುರಾಗುತ್ತದೆ, ಗಾಡಿಯನ್ನು ನಿಲ್ಲಿಸುವ ಬಹುಪಾಲು ಕೆಲಸ ಮುಂದಿನ ಚಕ್ರದ್ದೇ. ಕಂಪನಿ ಸುಮ್ಮನೆ ಮುಂದೆ 320 ಮಿಲಿಮೀಟರಿನ ಡಿಸ್ಕ್, ಹಿಂದೆ 270ರದ್ದು ಕೂರಿಸಿಲ್ಲ. 125 ಸಿಸಿ ಮೇಲಿನ ಹೊಸ ಬೈಕಿಗೆಲ್ಲ 2019ರ ಏಪ್ರಿಲ್‌ನಿಂದ ಎಬಿಎಸ್ ಕಡ್ಡಾಯವಾದದ್ದೂ ಚಕ್ರ ಕಚ್ಚಿಕೊಂಡು ಜಾರದಿರಲಿ ಎಂದೇ. ಮುಂದಿನ ಬ್ರೇಕನ್ನು ಎಷ್ಟು ಒತ್ತಬೇಕೆಂಬ ಹದ ಒಂದು ವಾರ ಖಾಲಿ ಮೈದಾನದಲ್ಲಿ ಅಭ್ಯಾಸ ಮಾಡಿದರೆ ಬರುವಂಥದ್ದು. ಆದರೆ ಹುಡುಗ ಮಾವನ ಮಾತಿನಂತೆ ಬರೀ ಹಿಂದಿನದನ್ನೇ ತುಳಿಯುತ್ತಾನೆ. ಸಮಿತಿಯ ಮಾತಿನಂತೆ ಹಿಂದಿನ ಎಬಿಎಸ್ ಆಫ್ ಮಾಡುವುದನ್ನೂ ಕಲಿತಿದ್ದಾನೆ. ಅಡ್ವೆಂಚರ್ ಎಂದರೆ ಹಾಗಂತೆ. ಹೀಗೆ ಮುಂದಿನ ಬ್ರೇಕ್ ಮಾವನಿಗೂ ಹಿಂದಿನ ಎಬಿಎಸ್ ಸಮಿತಿಗೂ ಅರ್ಪಿತವಾದ ಮೇಲೆ ಅವನು ಸಿರುಗುಪ್ಪ ರಸ್ತೆಗೆ ಇಳಿಯುತ್ತಾನೆ. ಸುಗ್ಗಿಯ ಕಾಲ. ಅರ್ಧ ರಸ್ತೆಗೆ ಭತ್ತ ಹರವಿದೆ, ಅಂಚಿಗೆ ಸಾಲಾಗಿ ಕಲ್ಲಿಟ್ಟಿದ್ದಾರೆ, ಇನ್ನರ್ಧದಲ್ಲಿ ಹುಲ್ಲು. ಹುಲ್ಲಿನ ಮೇಲೆ ಹಿಂದಿನ ಚಕ್ರ ಮುಂದಿನದನ್ನು ಹಿಂದಿಕ್ಕಲು ನೋಡುತ್ತದೆ. ಖಾರ್ದುಂಗ್ ಲಾದಲ್ಲಿ ಈ ಸೌಲಭ್ಯವಿಲ್ಲ.

ಮಳೆ ಬಿದ್ದ ಮರುದಿನ ಹುಡುಗ ಕುರುಗೋಡಿಗೆ ಹೋಗುತ್ತಾನೆ. ದೊಡ್ಡಬಸವೇಶ್ವರನ ದರ್ಶನಕ್ಕಲ್ಲ, ರೀಲ್ಸಿಗೆ. ಅಲ್ಲಿನ ಬಂಡೆಗುಡ್ಡಕ್ಕೆ ತಕ್ಕ ಫಿಲ್ಟರ್ ಹಾಕಿದರೆ ಹಿಮವಿಲ್ಲದ ಹಿಮಾಲಯವೆಂದು ನಂಬಿಸಬಹುದು. ಗುಡ್ಡ ಚೆನ್ನಾಗಿ ಕಾಣುವ ಕೋನಕ್ಕಾಗಿ ಡಾಂಬರು ಬಿಟ್ಟು ಎರೆ ಹೊಲದ ದಾರಿಗೆ ತಿರುಗಿಸುತ್ತಾನೆ. ಒದ್ದೆ ಎರೆಯ ಸ್ವಭಾವ ಬ್ರೋಷರಿನಲ್ಲಿ ಅಚ್ಚಾಗಿರುವುದಿಲ್ಲ. ಅದು ಜಾರಿಸುವುದಕ್ಕಿಂತ ಅಂಟಿಕೊಳ್ಳುವುದೇ ಹೆಚ್ಚು. ದುಬಾರಿ ನಾಬಿ ಟೈರಿನ ಗುಬ್ಬಿಗಳ ಸಂದು ಮೊದಲ ಹತ್ತು ಮಾರಿನಲ್ಲೇ ತುಂಬಿ ಟೈರು ನುಣ್ಣಗಾಗುತ್ತದೆ. ಮತ್ತೆ ಹತ್ತು ಮಾರು ಹೋದರೆ ಮಡ್‌ಗಾರ್ಡಿನ ಒಳಗೆ ಮೆತ್ತಿದ ಮಣ್ಣು ಚಕ್ರವನ್ನೇ ಹಿಡಿದು ನಿಲ್ಲಿಸುತ್ತದೆ. 40 ಪಿಎಸ್ ಗುಡುಗುತ್ತದೆ, ಗಾಡಿ ಕದಲುವುದಿಲ್ಲ. ಅಷ್ಟರಲ್ಲಿ ಹಿಂದಿನಿಂದ ಟಿವಿಎಸ್ ಎಕ್ಸೆಲ್ ಒಂದು ಬರುತ್ತದೆ, ಕಾಲ ಬಳಿ ಯೂರಿಯಾ ಚೀಲ ಇಟ್ಟುಕೊಂಡು. ಅದಕ್ಕೂ ಎರೆ ಅಂಟಿದೆ. ಯಜಮಾನರು ಇಳಿದು, ಚೀಲದ ಸಂದಿಯಿಂದ ಒಂದು ಕಡ್ಡಿ ತೆಗೆದು, ಮಡ್‌ಗಾರ್ಡಿನೊಳಗೆ ಆಡಿಸಿ ಮಣ್ಣು ಕೆಡವಿ, ತೊಂಬತ್ತು ಕಿಲೋ ಒಳಗಿನ ಗಾಡಿಯನ್ನು ಬದುವಿನ ಮೇಲಕ್ಕೆ ಎತ್ತಿಟ್ಟುಕೊಂಡು ಹತ್ತುತ್ತಾರೆ. ಹೊರಡುವ ಮುನ್ನ ಹಿಮಾಲಯನ್ನನ್ನು ಮೇಲಿಂದ ಕೆಳಗೆ ನೋಡಿ, ‘ಎರೆ ಆರೋವರ್ಗೂ ಇಲ್ಲೇ ಇರ್ಲಿ ಬಿಡು ತಮ್ಮಾ, ಯಾರೂ ಒಯ್ಯಾಕ ಆಗಲ್ಲ’ ಎಂದು ಧೈರ್ಯ ಹೇಳುತ್ತಾರೆ.

ಕ್ಲಚ್ ಲಿವರ್ ಬದಲಿಸಲು ಹೋದಾಗ ಮೋತಿ ಸರ್ಕಲ್ ಕಡೆಯ ಮೆಕ್ಯಾನಿಕ್ ಕೇಳಿದ್ದು ನಾಲ್ಕೇ ಪ್ರಶ್ನೆ. ಎರಡೂ ಪಾದ ಊರ್ತಾವಾ? ಕೂತಲ್ಲೇ ನೂಕಿ ಹಿಂದಕ್ಕ ತಗೊಳ್ಳಾಕ ಆಗ್ತೈತಾ? ಬಿದ್ರೆ ಒಬ್ನೇ ಎತ್ತುತೀಯಾ? ಲಿವರ್ ಮುರಿದ್ರೆ ಊರಾಗ ಅವತ್ತೇ ಸಿಗ್ತೈತಾ? ಕೊಳ್ಳುವ ಮುಂಚೆ ಕೇಳಬೇಕಾದ ಪ್ರಶ್ನೆಗಳು ಇವೇ. ಆದರೆ ಕೇಳಿದವನ ಕೈಯಲ್ಲಿ ಗ್ರೀಸ್ ಇತ್ತು, ಅವನ ಸ್ವಂತ ಗಾಡಿ ಹಳೇ ಸ್ಪ್ಲೆಂಡರ್. ಅವನನ್ನು ಸಮಿತಿಗೆ ಸೇರಿಸಿಕೊಳ್ಳಲು ಸಾಧ್ಯವೇ?

ಲಿವರಿಗಿಂತ ಶೃಂಗಾರದ ಖರ್ಚೇ ದೊಡ್ಡದು. ಎರಡು ಬದಿಗೆ ಅಲ್ಯೂಮಿನಿಯಂ ಪೆಟ್ಟಿಗೆಗಳು ಬಂದಿವೆ. ಅವುಗಳೊಳಗೆ ಊಟದ ಡಬ್ಬಿ, ಜೋಡಿ ಚಪ್ಪಲಿ. ತೇರು ಬೀದಿಯ ತಳ್ಳುಗಾಡಿಯವರು ಆ ಪೆಟ್ಟಿಗೆಗಳ ಅಗಲವನ್ನು ಮಾಲೀಕನಿಗಿಂತ ಚೆನ್ನಾಗಿ ಬಲ್ಲರು. ಎದುರಿನವನ ಕಣ್ಣು ಕೀಳುವ ಜೋಡಿ ಫಾಗ್ ಲೈಟ್ ಬಂದಿದೆ, ಮಂಜು ಕಾಣದ ಊರಿಗೆ. ಹ್ಯಾಂಡಲಿಗೆ ಟಿಬೆಟನ್ ಪ್ರಾರ್ಥನಾ ಪತಾಕೆ. ಮುಂಡಗೋಡಿಗೆ ಹೋಗಿ ತಂದಿದ್ದರೆ ಒಂದು ಪ್ರವಾಸವಾದರೂ ಆಗುತ್ತಿತ್ತು, ಅದೂ ಆನ್‌ಲೈನ್. ಹೆಲ್ಮೆಟಿನ ಹೊತ್ತಿಗೆ ದುಡ್ಡು ಮುಗಿದಿತ್ತು. ಫುಟ್‌ಪಾತಿನ ಟೋಪಿಯೊಂದು ಕನ್ನಡಿಗೆ ನೇತುಬಿದ್ದಿದೆ, ಪೊಲೀಸರು ಕಂಡಾಗ ತಲೆಗೆ ಬರುತ್ತದೆ.

ದೂರಪ್ರಯಾಣವೇ ಇಲ್ಲವೆಂದರೆ ಅನ್ಯಾಯವಾದೀತು. 2021ರಲ್ಲಿ ಬಳ್ಳಾರಿ ಒಡೆದು ವಿಜಯನಗರ ಜಿಲ್ಲೆಯಾದದ್ದು ಈ ಹುಡುಗರಿಗೆ ದೊಡ್ಡ ಉಪಕಾರ. ಹಂಪಿ ಇದ್ದಲ್ಲೇ ಇದೆ, ಆದರೆ ಈಗ ಅಲ್ಲಿಗೆ ಹೋಗಿಬಂದರೆ ಅಂತರ-ಜಿಲ್ಲಾ ಎಕ್ಸ್‌ಪೆಡಿಷನ್.

ಎರಡನೇ ವರ್ಷ ಮದುವೆ ಗೊತ್ತಾಗುತ್ತದೆ. ಹುಡುಗಿ ಆ ಸೀಟಿಗೆ ಹತ್ತಲು ಜಗಲಿ ಬೇಕು, ಮತ್ತು ಹೋದಲ್ಲೆಲ್ಲ ಜಗಲಿ ಇರುವುದಿಲ್ಲ. ಬೈಕ್ ಮಾರಾಟಕ್ಕೆ ಬರುತ್ತದೆ. ಫೋಟೊದ ಕೆಳಗೆ ಹುಡುಗನೇ ಬರೆಯುತ್ತಾನೆ: ‘ಸಿಂಗಲ್ ಓನರ್. ಊರಲ್ಲೇ ಓಡಿದ್ದು. ಒಂದು ಸಲವೂ ಆಫ್‌ರೋಡಿಗೆ ಇಳಿಸಿಲ್ಲ.’ ಕೌಲ್‌ಬಜಾರಿನಿಂದ ಬಂದ ಇನ್ನೊಬ್ಬ ಹುಡುಗ ತುದಿಗಾಲಲ್ಲಿ ಹತ್ತಿ ಕೂತು, ಟ್ಯಾಂಕ್ ಸವರಿ, ಅನುಮಾನದಿಂದ ಕೇಳುತ್ತಾನೆ:

‘ಲಡಾಖ್ ಗಿಡಾಖ್ ಹೋಗಿಲ್ಲ ತಾನೆ ಅಣ್ಣ?’

‘ಏ, ಇಲ್ಲಪಾ.’

‘ಹಂಗಾದ್ರೆ ತಗೊಂತೀನಿ. ಮುಂದಿನ ವರ್ಷ ನಾನು ಹೋಗ್ಬೇಕು.’